ಹಿಂಗಿನ ಡಬ್ಬಿಯ ಡಾಲರು

ನಮ್ಮ ಮನೆಯಲ್ಲಿ ಹಿಂಗಿನ ಡಬ್ಬಿ ತೆರೆಯಬೇಕೆಂದರೆ ಅಮೆರಿಕದ ಒಂದು ಡಾಲರು ಬೇಕು. ಹೀಗೆಂದ ಕೂಡಲೇ ನಮ್ಮನ್ನು ಭಾರಿ ಶ್ರೀಮಂತರೆಂದು ತಿಳಿಯಬೇಡಿ. ಹಿಂಗಿನ ಪುಟ್ಟ ಡಬ್ಬಿಯ ಮುಚ್ಚಳ ಎಷ್ಟು ಬಿಗಿಯಾಗಿರುತ್ತದೆ ಎಂಬುದು ಅಡಿಗೆಮನೆಯಲ್ಲಿ ಕೈಯಾಡಿಸಿದವರಿಗೆಲ್ಲ ಗೊತ್ತು. ಉಗುರು ಹಾಕಿದರೆ ಉಗುರು ಮುರಿಯುತ್ತದೆ, ಚಮಚ ಹಾಕಿದರೆ ಚಮಚ ಸೊಟ್ಟಗಾಗುತ್ತದೆ. ಹೀಗಾಗಿ ನನ್ನ ಹೆಂಡತಿ ಕಸ್ತೂರಿ ಸಾಸಿವೆ, ಜೀರಿಗೆ ಡಬ್ಬಿಗಳ ನಡುವೆ ಒಂದು ಹಳದಿ ನಾಣ್ಯವನ್ನು ಕಾಯಂ ಆಗಿ ಇಟ್ಟುಕೊಂಡಿದ್ದಾಳೆ. ಅದರ ಅಂಚನ್ನು ಮುಚ್ಚಳದ ಸಂದಿಗೆ ಕೊಟ್ಟು ಒಮ್ಮೆ ತಿರುವಿದರೆ ಟಪ್ ಎಂದು ತೆರೆದುಕೊಳ್ಳುತ್ತದೆ. ಒಗ್ಗರಣೆ ಮುಗಿದ ಮೇಲೆ ನಾಣ್ಯ ಮತ್ತೆ ತನ್ನ ಜಾಗಕ್ಕೆ ಹೋಗಿ ಕೂಡುತ್ತದೆ.

ಮೊನ್ನೆ ನಮ್ಮ ಶಾಲೆಗೆ ಹೊಸದಾಗಿ ಬಂದ ಮಾಸ್ತರರೊಬ್ಬರು ಚಹಾಕ್ಕೆ ಬಂದಿದ್ದರು. ನಮ್ಮ ಮನೆ ಎಷ್ಟು ದೊಡ್ಡದೆಂದರೆ ಪಡಸಾಲೆಯಲ್ಲಿ ಕುಳಿತವರಿಗೆ ಒಲೆಯ ಮೇಲಿನ ಬೋಗುಣಿಯೊಳಗೆ ಏನಿದೆ ಎಂಬುದೂ ಕಾಣಿಸುತ್ತದೆ. ಅವರಿಗೆ ನಾಣ್ಯ ಕಾಣಿಸಿತು. ಎದ್ದು ಹೋಗಿ ತಂದು, ಹೊರಳಿಸಿ ನೋಡಿ, "ಸರ್, ಇದು ಬಂಗಾರದ್ದೇನ್ರಿ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಒಲೆಯ ಮುಂದಿನಿಂದ ಕಸ್ತೂರಿಯ ದನಿ ಬಂತು.

"ಹೌದು ಅಂತ ನಮ್ಮನಿಯವ್ರು ಒಮ್ಮೆ ಸರ್ಟಿಫಿಕೇಟ್ ಕೊಟ್ಟಾರ್ರಿ. ಅವರನ್ನ ಕೇಳ್ರಿ, ಪೂರಾ ಹೇಳ್ತಾರ."

ಪೂರಾ ಹೇಳುವ ಧೈರ್ಯ ನನಗೆ ಆಗ ಬರಲಿಲ್ಲ. ಹೊಸಬರ ಎದುರಿಗೆ ಮೊದಲ ಭೇಟಿಯಲ್ಲೇ ಮರ್ಯಾದೆ ಕಳೆದುಕೊಳ್ಳುವುದು ಬೇಡ ಎನಿಸಿ, ಮಳೆ ಬೆಳೆಯ ಮಾತೆತ್ತಿ ಅವರನ್ನು ಸಾಗಹಾಕಿದೆ. ಅವರಿಗೆ ಹೇಳದೆ ಬಿಟ್ಟದ್ದನ್ನು ಈಗ ನಿಮ್ಮ ಮುಂದೆ ಹೇಳುತ್ತೇನೆ. ನೀವೇನು ನಮಗೆ ಹೊರಗಿನವರಲ್ಲ.

ನಾಣ್ಯದ ಒಂದು ಮಗ್ಗುಲಲ್ಲಿ ಹದ್ದೊಂದು ರೆಕ್ಕೆ ಬಿಚ್ಚಿ ಹಾರುತ್ತಿದೆ. ಇನ್ನೊಂದು ಮಗ್ಗುಲಲ್ಲಿ ಒಬ್ಬ ಹೆಣ್ಣುಮಗಳು ಹೆಗಲ ಮೇಲಿಂದ ಹೊರಳಿ ನೋಡುತ್ತಿದ್ದಾಳೆ. ಅವಳ ಬೆನ್ನಿಗೆ ಕಟ್ಟಿದ ಕೂಸು ನಿದ್ದೆ ಹೋಗಿದೆ. ಆ ದೇಶದವರು ತಮ್ಮ ಹಿಂದಿನ ಕಾಲದ ಒಬ್ಬಾಕೆಯ ನೆನಪಿಗೆಂದು ಹೊಸ ಶತಮಾನದ ಹೊಸ್ತಿಲಲ್ಲಿ ಹೊರಡಿಸಿದ ನಾಣ್ಯವಂತೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ತಿಳಿಯಬೇಕಾದ ಹೊತ್ತಿಗೆ ತಿಳಿದಿದ್ದರೆ ನಾನು ಇಷ್ಟೊಂದು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಆಗ ನಾವು ಬಸವನ ಬಾಗೇವಾಡಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಇದ್ದಾಗಲೇ ಅಪ್ಪ ತೀರಿಕೊಂಡಿದ್ದ. ಅವ್ವ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಆ ಮನೆಯ ಪಡಸಾಲೆಯಲ್ಲೇ ಖಾನಾವಳಿ ನಡೆಸಿ, ರೊಟ್ಟಿ ಬಡಿದು ಬಡಿದು ನನ್ನನ್ನು ಬಿ.ಎಡ್. ತನಕ ಓದಿಸಿದ್ದಳು. ನಾನು ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿ ಸೇರಿ ವರ್ಷವಾಗಿತ್ತು. ಅಲ್ಲೇ ಒಂದು ಖೋಲಿ ಹಿಡಿದಿದ್ದೆ. ಶನಿವಾರ ಮುಂಜಾನೆಯ ಶಾಲೆ ಮುಗಿದ ಕೂಡಲೇ ಬಸ್ಸು ಹತ್ತಿ, ದೇವರ ಹಿಪ್ಪರಗಿಯಲ್ಲಿ ಇನ್ನೊಂದು ಬಸ್ಸಿಗೆ ಕಾದು, ಹಸಿದ ಹೊಟ್ಟೆಯಲ್ಲಿ ಮನೆ ಸೇರುತ್ತಿದ್ದೆ. ಸೇರಿದ ಕೂಡಲೇ ಅವ್ವ ತಾಟು ಇಡುತ್ತಿದ್ದಳು.

ಆ ಶನಿವಾರ ಮಾತ್ರ ತಾಟಿನ ಬದಲು ಈ ನಾಣ್ಯವನ್ನು ನನ್ನ ಅಂಗೈಯಲ್ಲಿಟ್ಟಳು.

ಗುರುವಾರ ಮಧ್ಯಾಹ್ನ ಗುಡಿ ನೋಡಲು ಬಂದ ಪರದೇಶದ ಹೆಣ್ಣುಮಗಳೊಬ್ಬಳು ವಿಜಾಪುರದ ಬಸ್ಸು ತಪ್ಪಿಸಿಕೊಂಡು, ಬಿಸಿಲಿಗೆ ಮುಖವೆಲ್ಲ ಕೆಂಪಾಗಿ, ನಮ್ಮ ಖಾನಾವಳಿಯೊಳಗೆ ಬಂದು ಕುಳಿತಳಂತೆ. ಅವ್ವನಿಗೆ ಅವಳ ಭಾಷೆ ಬಾರದು, ಅವಳಿಗೆ ಅವ್ವನದು ಬಾರದು. ಆದರೂ ಬಿಸಿರೊಟ್ಟಿ, ಹೆಸರುಕಾಳಿನ ಪಲ್ಲೆ, ಶೇಂಗಾ ಹಿಂಡಿ, ಮೊಸರು ಎಲ್ಲವೂ ಒಂದಾದ ಮೇಲೊಂದು ಹೋದವು. ಮೂರು ರೊಟ್ಟಿ ತಿಂದು ಅವಳು ಕಣ್ಣಲ್ಲಿ ನೀರು ತಂದುಕೊಂಡಳಂತೆ. ಅದು ಹಿಂಡಿಯ ಖಾರಕ್ಕೆ ಎಂದು ನನ್ನ ಊಹೆ, ಪ್ರೀತಿಗೆ ಎಂದು ಅವ್ವನ ವಾದ.

"ರೊಕ್ಕಾ ಕೊಡಾಕ ಬಂದ್ಲು, ನಾ ಒಲ್ಲೆ ಅಂದೆ. ಬಿಸಿಲಾಗ ಹಾದಿ ತಪ್ಪಿ ಬಂದ ಹೆಣ್ಣಮಗಳ ಕಡಿಂದ ರೊಕ್ಕಾ ಹೆಂಗ ತಗೊಳ್ಳಲಿ? ಹೋಗೂ ಮುಂದ ಉಡಿ ತುಂಬಿದೆ. ಸೆರಗಿಲ್ಲ ಅಕಿಗೆ, ಪ್ಯಾಂಟ ಹಾಕ್ಕೊಂಡಿದ್ಲು. ಕೊಳ್ಳಾಗಿನ ವಸ್ತ್ರ ಒಡ್ಡು ಅಂತ ಕೈ ಮಾಡಿ ತೋರಿಸಿದೆ, ಒಡ್ಡಿದ್ಲು. ಆಮ್ಯಾಲ ಚೀಲಕ್ಕ ಕೈ ಹಾಕಿ ಇದನ್ನ ತಗದು ನನ್ನ ಕೈಯಾಗಿಟ್ಟು, ಬೆರಳ ಮುಚ್ಚಿ ಹೋದ್ಲು."

ಉಡಿ ತುಂಬುವ ವಿಷಯದಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳ ಶಿಸ್ತು ನಿಮಗೆ ಗೊತ್ತಿರಬೇಕು. ಮನೆಗೆ ಬಂದ ಹೆಣ್ಣುಮಗಳು ಬರಿಗೈಯಲ್ಲಿ ಹೊಸ್ತಿಲು ದಾಟಬಾರದು. ಒಂದು ಕುಬಸದ ಕಣ, ಒಂದು ತೆಂಗಿನಕಾಯಿ, ಒಂದು ಹಿಡಿ ಅಕ್ಕಿ, ಅಡಿಕೆ ಎಲೆ. ಗಂಡ ಸತ್ತವಳಿಗೆ ಉಡಿಯಿಲ್ಲ ಎಂಬ ಕಟ್ಟಳೆಯನ್ನು ಮಾತ್ರ ನಮ್ಮ ಬಳಗದಲ್ಲಿ ಯಾರೂ ಹಿಡಿಯುವುದಿಲ್ಲ. ಈ ಕುಬಸದ ಕಣಗಳನ್ನು ಹೊಲಿಸಿಕೊಂಡವರನ್ನು ನಾನು ಕಂಡಿಲ್ಲ. ಬಾಗೇವಾಡಿಯಲ್ಲಿ ಹಾಕಿದ್ದು ಮುದ್ದೇಬಿಹಾಳಕ್ಕೆ ಹೋಗುತ್ತದೆ, ಮುದ್ದೇಬಿಹಾಳದಿಂದ ಸಿಂದಗಿಗೆ, ಸಿಂದಗಿಯಿಂದ ಇಂಡಿಗೆ. ಗಿಳಿಹಸಿರು ಬಣ್ಣದ, ಅಂಚಿಗೆ ಮಸಿ ಬಿದ್ದ ಒಂದು ಕಣವನ್ನು ಅವ್ವ ನಮ್ಮ ಸೋದರತ್ತೆಗೆ ಹಾಕಿದ್ದಳು. ಮೂರು ವರ್ಷ ನಾಲ್ಕು ತಾಲೂಕು ತಿರುಗಿ ಅದು ಯಾರದೋ ಸೀಮಂತದಲ್ಲಿ ಮಸಿಯ ಸಮೇತ ಅವ್ವನ ಉಡಿಗೇ ಬಂದು ಬಿತ್ತು. ಅವ್ವ ಅದನ್ನು ಬೇಜಾರಿಲ್ಲದೆ ಮಡಚಿ ಮತ್ತೆ ಟ್ರಂಕಿನಲ್ಲಿಟ್ಟಳು. ಉಡಿಯಲ್ಲಿ ಹಾಕಿದ್ದನ್ನು ತಿರುಗಿ ಕೇಳಬಾರದು, ಉಡಿಯಲ್ಲಿ ಬಂದದ್ದನ್ನು ಬೇಡ ಎನ್ನಬಾರದು, ಇವೆರಡೇ ಅದರ ಕಾಯಿದೆ. ಈ ಕಾಯಿದೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಕುತ್ತಿಗೆಗೆ ಬರುವುದು ಅದೇ.

"ತಮ್ಮಾ, ಇದು ಬಂಗಾರ ಹೌದಲ್ಲೋ?" ಎಂದು ಅವ್ವ ಕೇಳಿದಳು.

ಇಲ್ಲಿ ನಾನು ಸ್ವಲ್ಪ ಹಿಂದಕ್ಕೆ ಹೋಗಲೇಬೇಕು. ಹಳದಿ ನಾಣ್ಯದ ವಿಷಯದಲ್ಲಿ ನನಗೆ ಚಿಕ್ಕಂದಿನಲ್ಲೇ ಒಂದು ಪೆಟ್ಟು ಬಿದ್ದಿತ್ತು. ಆಗ ಕಮಲದ ಹೂವಿನ ಇಪ್ಪತ್ತು ಪೈಸೆ ಇತ್ತು, ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಅದರಲ್ಲಿ ಬಂಗಾರ ಬೆರೆಸಿದ್ದಾರೆ ಎಂದು ಊರ ಹೆಂಗಸರಿಗೆಲ್ಲ ಖಾತ್ರಿ. ಮುದ್ದೇಬಿಹಾಳದಲ್ಲಿ ನನ್ನ ತಾಯಿಯ ತಾಯಿ, ನಾವು ಆಯಿ ಎನ್ನುತ್ತಿದ್ದೆವು, ಅಂಥ ಐದು ನಾಣ್ಯಗಳನ್ನು ದೇವರ ಜಗಲಿಯ ಮೇಲೆ ಇಟ್ಟು ದಿನಾಲು ಅರಿಸಿನ ಕುಂಕುಮ ಏರಿಸುತ್ತಿದ್ದಳು. ಒಂದು ಬೇಸಿಗೆ ರಜೆಯಲ್ಲಿ ಅದರಲ್ಲೊಂದನ್ನು ಎತ್ತಿಕೊಂಡು ಓಣಿಯ ಅಂಗಡಿಗೆ ಓಡಿದೆ. ಬಂಗಾರವಾದ್ದರಿಂದ ಅಂಗಡಿಯವನು ಒಂದು ಭರಣಿ ಪೆಪ್ಪರಮೆಂಟು ಕೊಡುತ್ತಾನೆ, ಹೊತ್ತು ತರುವುದು ಹೇಗೆ ಎಂಬುದಷ್ಟೇ ನನ್ನ ಚಿಂತೆಯಾಗಿತ್ತು. ಅವನು ನಾಣ್ಯದ ಕುಂಕುಮ ಒರೆಸಿ, ಗಲ್ಲೆಗೆ ಹಾಕಿ, ಇಪ್ಪತ್ತು ಪೈಸೆಯ ಪೆಪ್ಪರಮೆಂಟು ಎಣಿಸಿ ಕೊಟ್ಟ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಸಂಜೆ ಆಯಿ ಜಗಲಿಯನ್ನು ಮೂರು ಸಲ ಹುಡುಕಿದಳು. ನಾನೂ ಅವಳ ಜೊತೆಗೆ ಬಹಳ ಶ್ರದ್ಧೆಯಿಂದ ಹುಡುಕಿದೆ.

ನಾಣ್ಯಕ್ಕೆ ಅದರ ಮೇಲೆ ಬರೆದಷ್ಟೇ ಬೆಲೆ ಎಂಬುದನ್ನು ಏಳನೆಯ ವಯಸ್ಸಿನಲ್ಲಿ ಕಲಿತವನು ಇಪ್ಪತ್ತೆಂಟಕ್ಕೆ ಮರೆತುಬಿಟ್ಟಿದ್ದೆ. ನಡುವೆ ಬಿ.ಎಸ್ಸಿ., ಬಿ.ಎಡ್. ಆಗಿದ್ದವಲ್ಲ. ಅವ್ವ ಕೇಳಿದಾಗ ನಾನು ನಾಣ್ಯವನ್ನು ಬೆಳಕಿಗೆ ಹಿಡಿದೆ, ಹಾಸುಗಲ್ಲಿಗೆ ಬಡಿದು ಸಪ್ಪಳ ಕೇಳಿದೆ, ಹಲ್ಲಿನಿಂದ ಕಚ್ಚಿದೆ. ಅದರ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಅವ್ವನಿಗೆ ಕೇಳಿಸುವಂತೆ ಗಟ್ಟಿಯಾಗಿ ಓದಿದೆ.

"ಬಂಗಾರನ ಐತಿ, ಯವ್ವ. ಅಷ್ಟು ದೊಡ್ಡ ದೇಶ ಹಿತ್ತಾಳಿ ನಾಣ್ಯ ಮಾಡತೈತೇನು?"

ಅವ್ವ ನಾಣ್ಯವನ್ನು ಕೈಯಲ್ಲಿ ಎತ್ತಿ ಎತ್ತಿ ನೋಡಿ, "ಮುಕ್ಕಾಲು ತೊಲಿ ತೂಗತೈತಿ. ಪತ್ತಾರಗೊಮ್ಮೆ ತೋರಸೂಣೇನು?" ಎಂದಳು.

"ಪತ್ತಾರಗೇನ್ ತಿಳೀತೈತಿ ಅಮೆರಿಕಾದ್ದು? ಒರಿಗಲ್ಲಿಗೆ ತಿಕ್ಕಿ ತಿಕ್ಕಿ ಅರ್ಧಾ ಬಂಗಾರ ಅವನ ಇಟಗೊಳ್ತಾನ."

ಅದೇ ವಾರ ನಾನು ಎಂಟನೆಯ ಇಯತ್ತೆಗೆ ಆ ಗ್ರೀಕ್ ಪಂಡಿತನ ಪಾಠ ಮಾಡಿದ್ದೆ. ರಾಜನ ಕಿರೀಟ ಅಪ್ಪಟವೋ ಕಲಬೆರಕೆಯೋ ಎಂಬುದನ್ನು ನೀರಿನಲ್ಲಿ ಮುಳುಗಿಸಿ ಕಂಡುಹಿಡಿದು, ಸ್ನಾನದ ತೊಟ್ಟಿಯಿಂದ ಬತ್ತಲೆ ಎದ್ದು ಓಡಿದವನು. ಹುಡುಗರು ಹೊಟ್ಟೆ ಹಿಡಿದು ನಕ್ಕಿದ್ದರು. ನಮ್ಮ ಮನೆಯಲ್ಲಿ ನೀರಿತ್ತು, ತಂಬಿಗೆಯಿತ್ತು, ತಕ್ಕಡಿ ಪಕ್ಕದ ಕಿರಾಣಿ ಅಂಗಡಿಯಲ್ಲಿತ್ತು. ಪಾಠ ಹೇಳಿದವನಿಗೆ ಅದು ತನ್ನ ಮನೆಗೂ ಅನ್ವಯಿಸುತ್ತದೆ ಎಂದು ಹೊಳೆಯಲಿಲ್ಲ. ಮಾಸ್ತರಿಕೆಯಲ್ಲಿ ಇದು ಹೊಸದೇನಲ್ಲ.

ನನ್ನ ಸರ್ಟಿಫಿಕೇಟಿಗೆ ಅವಸರವೂ ಇತ್ತು ಎನ್ನಿ. ಇಂಡಿಯಲ್ಲಿ ನನಗೆ ಹೆಣ್ಣು ಗೊತ್ತಾಗಿತ್ತು. ಕಸ್ತೂರಿಯ ಅಪ್ಪನದು ಲಿಂಬೆ ತೋಟ, ಮಾತು ಕಡಿಮೆಯ ಮನುಷ್ಯ. ತಾಯಿಯಿಲ್ಲದ ಮಗಳು. ಮನೆಯಲ್ಲಿ ಅವರ ಅಕ್ಕನದೇ, ಅಂದರೆ ಕಸ್ತೂರಿಯ ಸೋದರತ್ತೆಯದೇ ದರ್ಬಾರು. ಅವರು ನಮ್ಮಿಂದ ಏನನ್ನೂ ಕೇಳಿರಲಿಲ್ಲ. ಆದರೆ ಖಾನಾವಳಿಯವಳ ಮಗ ಎಂದು ಯಾರಾದರೂ ಆಡಿಕೊಂಡಾರು ಎಂಬ ಅಳುಕು ಅವ್ವನಿಗಿತ್ತು. ಹಾಗಾಗಿ ಮಾತುಕತೆಯ ದಿನ ತಾನಾಗಿಯೇ, "ನಿಶ್ಚಯದ ದಿನ ಉಡಿಯಾಗ ಒಂದು ಬಂಗಾರದ ತುಣುಕು ಹಾಕತೇನಿ" ಎಂದು ಹೇಳಿ ಬಂದಿದ್ದಳು. ಹೇಳಿ ಬಂದ ಮೇಲೆ ಚಿಂತೆ ಶುರುವಾಯಿತು. ನನ್ನ ಸಂಬಳ ಇನ್ನೂ ಸುರಳೀತ ಆಗಿರಲಿಲ್ಲ. ಅವ್ವನ ಮೈಮೇಲೆ ಉಳಿದದ್ದು ಕಿವಿಯ ಬೆಂಡೋಲಿ ಮಾತ್ರ. ಆ ಹೊತ್ತಿಗೆ ಸರಿಯಾಗಿ ಈ ನಾಣ್ಯ ಬಂದಿತ್ತು. ದೇವರೇ ಕಳಿಸಿದ್ದು ಎಂದು ಅವ್ವ ನಂಬಿದಳು, ನಾನು ಇಂಗ್ಲಿಷ್ ಓದಿ ಅದನ್ನು ಖಚಿತ ಮಾಡಿದೆ.

ನಿಶ್ಚಯದ ದಿನ ಇಂಡಿಯ ಅವರ ಮನೆಯ ಪಡಸಾಲೆ ತುಂಬಿತ್ತು. ನಾನು ಬೂದು ಬಣ್ಣದ ಸಫಾರಿ ಹಾಕಿಕೊಂಡು, ಬೆವರುತ್ತ, ಗೋಡೆಗೆ ಒರಗಲೂ ಆಗದೆ ಕುಳಿತಿದ್ದೆ. ಕಸ್ತೂರಿ ತಲೆ ತಗ್ಗಿಸಿ ಎರಡೂ ಕೈಯಲ್ಲಿ ಸೆರಗು ಒಡ್ಡಿದ್ದಳು. ಅವ್ವ ಅಕ್ಕಿ, ಕಾಯಿ, ಕಣ ಎಲ್ಲ ಹಾಕಿದ ಮೇಲೆ ನಾಣ್ಯವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ನಮ್ಮದು ದೊಡ್ಡ ಮನಿತನ ಅಲ್ರಿ. ಆದ್ರ ಹಾಕಿದ್ದು ಅಪ್ಪಟ ಬಂಗಾರ."

ನಾಣ್ಯ ಹೆಂಗಸರ ಕೈಯಿಂದ ಕೈಗೆ ಹೋಯಿತು. ಕಸ್ತೂರಿಯ ಸೋದರತ್ತೆ ಕಣ್ಣಿಗೆ ಹತ್ತಿರ ಹಿಡಿದು, "ಯಾವ ದೇವಿರಿ ಇಕಿ?" ಎಂದು ಕೇಳಿದಳು.

"ದೇವಿ ಅಲ್ರಿ," ಎಂದಳು ಅವ್ವ. "ಕೂಸಿನ್ನ ಬೆನ್ನಿಗೆ ಕಟಗೊಂಡು ಹೊಲಕ್ಕ ಹೊಂಟಾಳ."

ಆ ಮಾತಿಗೆ ಎಲ್ಲರೂ ಮೆಚ್ಚಿ ತಲೆಯಾಡಿಸಿದರು. ನಾನು ಆ ದಿನ ಎಷ್ಟು ಬೀಗಿದ್ದೆನೆಂದರೆ ಸಫಾರಿಯ ಗುಂಡಿ ಬಿಚ್ಚಿಕೊಂಡದ್ದೂ ಗೊತ್ತಾಗಲಿಲ್ಲ. ಅದನ್ನೂ ಕಸ್ತೂರಿ ನೋಡಿದ್ದಳಂತೆ, ತಲೆ ತಗ್ಗಿಸಿದ್ದರೂ.

ಮದುವೆಗೆ ಇನ್ನೂ ಒಂದೂವರೆ ತಿಂಗಳಿತ್ತು. ಒಂದು ದಿನ ಸಿಂದಗಿಯ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಯಾರೋ ಬಿಟ್ಟುಹೋದ ಪೇಪರು ತಿರುವಿದೆ. ಒಳಪುಟದ ಮೂಲೆಯಲ್ಲಿ ನನ್ನ ನಾಣ್ಯದ ಫೋಟೋ. ಅದೇ ಹೆಣ್ಣುಮಗಳು, ಅದೇ ಕೂಸು. ಅಮೆರಿಕದವರೇ ಅದನ್ನು ಬಂಗಾರವೆಂದು ತಿಳಿದು ಪೆಟ್ಟಿಗೆಯಲ್ಲಿಟ್ಟು ಕೂತಿದ್ದಾರೆ, ಆದರೆ ಅದರೊಳಗಿರುವುದು ತಾಮ್ರ, ಮೇಲೆ ಹಿತ್ತಾಳೆಯ ಹೊದಿಕೆ, ಚಿನ್ನ ಒಂದು ಗುಂಜಿಯಷ್ಟೂ ಇಲ್ಲ ಎಂದು ಬರೆದಿತ್ತು. ಅಷ್ಟು ದೊಡ್ಡ ದೇಶದ ಮಂದಿಯೂ ನನ್ನಂತೆಯೇ ಇದ್ದಾರಲ್ಲ ಎಂಬ ಸಮಾಧಾನ ಅರ್ಧ ನಿಮಿಷ ಉಳಿಯಿತು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಬ್ಯಾಂಕಿಗೆ ಹೋಗಿ, ನನ್ನ ಗೆಳೆಯನೊಬ್ಬನ ಹತ್ತಿರ ಹೀಗೊಂದು ನಾಣ್ಯವಿದೆ ಎಂದು ಸುಳ್ಳು ಹೇಳಿ, ಅದರ ಬೆಲೆ ಕೇಳಿದೆ. ಕೌಂಟರಿನವರು ತಲೆ ಎತ್ತದೆ, "ನೋಟಿದ್ರ ನಲವತ್ತೈದು ನಲವತ್ತಾರು ರೂಪಾಯಿ ಆಗತಿತ್ರಿ. ಪರದೇಶದ ಚಿಲ್ಲರ ಯಾವ ಬ್ಯಾಂಕೂ ತಗೊಳ್ಳೂದಿಲ್ಲ. ನಿಮ್ಮ ಗೆಳೆಯಾಗ ಮಕ್ಕಳಿದ್ರ ಆಟಕ್ಕ ಕೊಡ್ರಿ" ಎಂದರು. ಬಂಗಾರವೂ ಅಲ್ಲ, ಡಾಲರೂ ಅಲ್ಲ, ಮಕ್ಕಳಾಟದ ಬಿಲ್ಲೆ. ಅದನ್ನು ಅವ್ವ ಇಂಡಿಯ ಐವತ್ತು ಜನರೆದುರು ಅಪ್ಪಟ ಬಂಗಾರ ಎಂದು ಎತ್ತಿ ತೋರಿಸಿದ್ದಳು. ಹಾಗೆ ಹೇಳು ಎಂದವನು ನಾನು.

ಈಗ ಆ ಕಾಯಿದೆ ನೆನಪಿಸಿಕೊಳ್ಳಿ. ಉಡಿಯಲ್ಲಿ ಹಾಕಿದ್ದನ್ನು ತಿರುಗಿ ಕೇಳುವಂತಿಲ್ಲ. ಹೇಳದೆ ಸುಮ್ಮನಿದ್ದರೆ ಇಂದಲ್ಲ ನಾಳೆ ಪತ್ತಾರ ಹೇಳುತ್ತಾನೆ, ಮೋಸದ ಮನೆ ಎಂದು ಹೆಸರಾಗುತ್ತದೆ, ಮದುವೆ ಮುರಿದರೂ ಮುರಿಯಿತು. ಅವ್ವನ ಖಾನಾವಳಿಯಲ್ಲಿ ಒಂದು ದಿನವೂ ನಿನ್ನೆಯ ಪಲ್ಲೆ ಇಂದು ಬಡಿಸಿದ್ದಿಲ್ಲ. ಅಂಥವಳ ಮುಖಕ್ಕೆ ಮಸಿ ಬಳಿದೆನಲ್ಲ ಎಂದು ನಾಲ್ಕು ದಿನ ಊಟ ಸೇರಲಿಲ್ಲ. ಕಡೆಗೆ, ನಾನೇ ಇಂಡಿಗೆ ಹೋಗಿ ಕಸ್ತೂರಿಯ ಅಪ್ಪನಿಗೆ ಒಂದೇ ಮಾತಿನಲ್ಲಿ ಹೇಳಿ ಬಂದುಬಿಡುತ್ತೇನೆ ಎಂದು ನಿರ್ಧಾರ ಮಾಡಿದೆ.

ಆದರೆ ನಿಶ್ಚಯ ಆದ ಹುಡುಗ ಮದುವೆಗೆ ಮೊದಲು ಬೀಗರ ಮನೆಗೆ ಸುಮ್ಮಸುಮ್ಮನೆ ಹೋಗುವಂತಿಲ್ಲ, ನೆವ ಬೇಕು. ಬಸ್ಸಿನಲ್ಲಿ ಯೋಚಿಸಿ ಯೋಚಿಸಿ, ಖಾನಾವಳಿಯ ಉಪ್ಪಿನಕಾಯಿಗೆ ಲಿಂಬೆಹಣ್ಣು ಬೇಕು ಎಂಬ ನೆವ ಹಿಡಿದೆ. ಮಾವ ತೋಟದ ಕಟ್ಟೆಯ ಮೇಲೆ ಕೂಡ್ರಿಸಿ ಶರಬತ್ತು ಕೊಟ್ಟರು. ನನ್ನ ಮುಖವನ್ನೇ ನೋಡುತ್ತ ಕುಳಿತರು. ನಾನು ಮೂರು ಸಲ ಕೆಮ್ಮಿದೆ.

"ಏನರ ಹೇಳೂದಿತ್ತೇನ್ರಿ, ಮಾಸ್ತರ?"

"ಹೌದ್ರಿ. ಅದು... ಲಿಂಬಿಹಣ್ಣು ತೆಳ್ಳನ ಸಿಪ್ಪಿದ್ದು ಇರಲ್ರಿ."

ಅವರು ಒಂದು ನಿಟ್ಟುಸಿರು ಬಿಟ್ಟು ಎದ್ದು ಆಳಿಗೆ ಹೇಳಿದರು. ಇನ್ನೂರು ಲಿಂಬೆಹಣ್ಣಿನ ಚೀಲ ಹೊತ್ತುಕೊಂಡು ನಾನು ಬಾಗೇವಾಡಿಗೆ ಬಂದೆ. ಆ ಚೀಲ ನೋಡಿದ ಅವ್ವನಿಗೆ ಹೆದರಿಕೆಯಾಯಿತು. ನಮ್ಮ ಖಾನಾವಳಿಯಲ್ಲಿ ಮಾವಿನ ಉಪ್ಪಿನಕಾಯಿ ಬಿಟ್ಟು ಬೇರೆ ಹಾಕುತ್ತಿರಲಿಲ್ಲ. ಮಗನ ತಲೆಗೆ ಬಿಸಿಲು ಏರಿದೆಯೆಂದು ಅವಳು ಹಣೆ ಮುಟ್ಟಿ ನೋಡಿದಳು. ಆಗ ನನಗೆ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ.

ಅವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ಆ ರೊಟ್ಟಿ ಮುಗಿಸಿ, ಬೇಯಿಸಿ, ಬುಟ್ಟಿಗೆ ಹಾಕಿ, ಕೈತೊಳೆದುಕೊಂಡು ಬಂದು ನನ್ನೆದುರು ಕುಳಿತಳು.

"ಉಡಿಯಾಗ ಹಾಕಿದ್ದು ತಿರುಗಿ ಕೇಳೂ ಹಂಗಿಲ್ಲ. ಖರೇ ಹೇಳಾಕ ಯಾರ ಅಡ್ಡಿ ಐತಿ? ನಾಳೆ ಹೋಗೂಣ."

"ನೀ ಒಬ್ಬಾಕೀನ ಹೋದ್ರ..."

"ನೀನೂ ಬಾ. ಬಂಗಾರ ಅಂದ ಬಾಯಿ ಜೋಡೀಗೆ ಇರಬೇಕು."

ಮರುದಿನ ಮುಂಜಾನೆ ಅವಳ ಕಿವಿ ನೋಡಿದೆ. ಬೆಂಡೋಲಿ ಇರಲಿಲ್ಲ. ತೂತು ಮುಚ್ಚಬಾರದೆಂದು ಕಸಬರಿಗೆಯ ಕಡ್ಡಿಯ ಸಣ್ಣ ತುಣುಕು ಎರಡೂ ಕಿವಿಗೆ ಚುಚ್ಚಿಕೊಂಡಿದ್ದಳು.

ಇಂಡಿಯಲ್ಲಿ ಅವ್ವ ನೀರು ಕುಡಿಯಲಿಲ್ಲ, ಕುಳಿತುಕೊಳ್ಳಲೂ ಇಲ್ಲ. ಸೆರಗಿನ ಗಂಟು ಬಿಚ್ಚಿ ಬೆಂಡೋಲಿಗಳನ್ನು ಒಂದು ತಾಟಿನಲ್ಲಿಟ್ಟು ಕಸ್ತೂರಿಯ ಅಪ್ಪನ ಮುಂದೆ ಸರಿಸಿದಳು.

"ಅಣ್ಣಾರ, ಅವತ್ತ ನಾ ಹಾಕಿದ್ದು ಬಂಗಾರ ಅಲ್ರಿ. ಹಿತ್ತಾಳಿ. ನನಗ ಗೊತ್ತಿರಲಿಲ್ಲ. ಗೊತ್ತಾದ ಮ್ಯಾಲ ಮನ್ಯಾಗ ಕೂಡಾಕ ಆಗಲಿಲ್ಲ. ಇದು ಖರೇ ಬಂಗಾರ ಐತಿ, ಇದನ್ನ ಕೂಸಿನ ಉಡಿಗೆ ಹಾಕ್ರಿ. ಇನ್ನ ಲಗ್ನ ಮಾಡೂದು ಬಿಡೂದು ನಿಮಗ ಬಿಟ್ಟದ್ದು."

ಮಾವ ತಾಟನ್ನು ಅಲ್ಲೇ ಬಿಟ್ಟು ಎದ್ದು ನಿಂತರು. ಆಮೇಲೆ, "ಅಕ್ಕಾರ, ನಮಗ ಗೊತ್ತಿತ್ರಿ" ಎಂದರು.

ನಿಶ್ಚಯವಾದ ಮೂರನೆಯ ದಿನವೇ ಸರಕ್ಕೆ ಪೋಣಿಸಲು ಕೊಂಡಿ ಹಾಕಿಸಬೇಕೆಂದು ನಾಣ್ಯವನ್ನು ಪತ್ತಾರನ ಬಳಿಗೆ ಒಯ್ದಿದ್ದರಂತೆ. ಪತ್ತಾರ ಒರೆಗಲ್ಲಿಗೆ ಒಂದೇ ಗೆರೆ ಎಳೆದು ತಿರುಗಿ ಕೊಟ್ಟಿದ್ದ. ಅಂದಿನಿಂದ ಆ ಮನೆಯಲ್ಲೂ ನನ್ನಂತೆಯೇ ಯಾರಿಗೂ ಊಟ ಸೇರಿರಲಿಲ್ಲ.

"ನಮ್ಮಕ್ಕ ಅಂತೂ ಇದು ಮೋಸದ ಮನಿ, ಬ್ಯಾಡೇ ಬ್ಯಾಡ ಅಂತ ಹಟಾ ಹಿಡದ್ಲು. ಕಸ್ತೂರಿ ಒಂದ ಮಾತ ಅಂದ್ಲು. ಲಗ್ನದ ದಿನದ ತನಕ ನೋಡೂಣ, ಗೊತ್ತಾದ್ರ ಅವರು ಬಂದು ಹೇಳ್ತಾರ ಅಂತ. ನಿನ್ನೆ ಮಾಸ್ತರ ಬಂದಾಗ ಹೇಳಾಕ ಬಂದಾರಂತ ಮಾಡಿದ್ವಿ. ಇನ್ನೂರು ಹಣ್ಣ ಒಯ್ದ್ರು, ಹೇಳಲಿಲ್ಲ."

ನನ್ನ ಕಡೆ ಯಾರೂ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು. ಸೋದರತ್ತೆ ಕಂಬಕ್ಕೆ ಒರಗಿ ತುಟಿ ಬಿಗಿದು ನಿಂತಿದ್ದಳು. ಆಗ ಅಡಿಗೆಮನೆಯ ಬಾಗಿಲಿನಿಂದ ಕಸ್ತೂರಿ ಬಂದಳು. ತಾಟನ್ನು ಎತ್ತಿ, ಅವ್ವನ ಕೈಗೇ ಕೊಟ್ಟಳು.

"ಅತ್ತಿ, ಬೆಂಡೋಲಿ ಹಾಕ್ಕೋರಿ. ಉಡಿಯಾಗ ಬಂದದ್ದು ಬದಲಿ ಮಾಡೂ ಪದ್ಧತಿ ಇಲ್ಲ."

"ಅದು ಹಿತ್ತಾಳಿ ಐತಿ, ಯವ್ವ."

"ಇರಲ್ರಿ. ನೀವು ಬಂದು ಹೇಳಿದ್ರಿ, ನನಗ ಅಷ್ಟ ಸಾಕು." ಹಾಗೆಂದವಳು, "ಬಂಗಾರ ಅಂತ ನಿಮಗ ಹೇಳಿದವ್ರು ಯಾರ್ರಿ?" ಎಂದು ಕೇಳಿದಳು.

ಹೆತ್ತ ತಾಯಿ, ಒಂದಿಷ್ಟಾದರೂ ಮುಚ್ಚಿಡಬಹುದಿತ್ತು. ಅವ್ವ ಗದ್ದದಿಂದ ನನ್ನತ್ತ ತೋರಿಸಿ, "ಇಂವ. ಸಾಲ್ಯಾಗ ಸೈನ್ಸ್ ಕಲಸ್ತಾನ" ಎಂದಳು.

ಮೊದಲು ನಕ್ಕದ್ದು ಆ ಸೋದರತ್ತೆ. ತುಟಿ ಬಿಗಿದಿದ್ದವಳು ಸೆರಗು ಬಾಯಿಗಿಟ್ಟುಕೊಂಡು ಕಂಬಕ್ಕೆ ಆತು ನಕ್ಕಳು. ಆಮೇಲೆ ಎಲ್ಲರೂ ನಕ್ಕರು. ಕಸ್ತೂರಿ ಅಂದು ಮೊದಲ ಸಲ ನನ್ನ ಮುಖವನ್ನು ಪೂರ್ತಿಯಾಗಿ ನೋಡಿದಳು. ಆ ನೋಟ ಏನು ಹೇಳಿತೆಂಬುದು ಈಗ ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ನನಗೆ ಚೆನ್ನಾಗಿ ತಿಳಿದಿದೆ. ಸಂತೆಯಿಂದ ಬದನೆಕಾಯಿ ತಂದರೂ, ಸೀರೆ ತಂದರೂ, ಬ್ಯಾಂಕಿನ ಪುಸ್ತಕ ತಂದರೂ ಅವಳು ಒಮ್ಮೆ ಹೊರಳಿಸಿ ನೋಡಿ, "ಯಾರು ನೋಡಿ ತಂದ್ರು? ನೀವ? ಹಂಗಾರ ಪತ್ತಾರಗ ತೋರಸೂಣ" ಎನ್ನುತ್ತಾಳೆ. ಆ ಇನ್ನೂರು ಲಿಂಬೆಹಣ್ಣಿನ ಉಪ್ಪಿನಕಾಯಿ ಖಾನಾವಳಿಯಲ್ಲಿ ಒಂದು ವರ್ಷ ಬಂತು. ಗಿರಾಕಿಗಳು ಮಾವಿನದಕ್ಕಿಂತ ಚೊಲೊ ಐತಿ ಎಂದರು. ನನ್ನಿಂದ ಆದ ಲಾಭ ಎಂದರೆ ಅದೊಂದೇ.

ಮದುವೆಯಾಗಿ ನಾವು ಸಿಂದಗಿಯಲ್ಲಿ ಸಂಸಾರ ಹೂಡಿದೆವು. ಅವ್ವ ಖಾನಾವಳಿ ಬಿಟ್ಟು ನಮ್ಮ ಜೊತೆಗೆ ಬಂದಳು. ಆರೇಳು ವರ್ಷದ ಮೇಲೆ ಮನೆ ಕಟ್ಟಲು ಶುರುಮಾಡಿದೆವು. ಮನೆ ಕಟ್ಟಿದವರಿಗೆ ಹೇಳಬೇಕಾಗಿಲ್ಲ, ಗೋಡೆ ಏಳುವ ತನಕ ರೊಕ್ಕ ಸಾಕು ಎನಿಸುತ್ತದೆ, ಸ್ಲ್ಯಾಬಿನ ಹೊತ್ತಿಗೆ ಎಲ್ಲ ಖಾಲಿ. ಅದೇ ಸಮಯಕ್ಕೆ ಇನ್ನೊಂದು ಪೇಪರು ನನ್ನ ಕೈಗೆ ಬರಬೇಕೇ? ಆ ಬಂಗಾರದ ಬಣ್ಣದ ಡಾಲರುಗಳಲ್ಲಿ ಕೆಲವು ಬಹಳ ಅಪರೂಪವಂತೆ. ಹದ್ದಿನ ಬಾಲದ ಗರಿಗಳಲ್ಲಿ ಗೆರೆಗಳು ಬೇರೆ ಥರ ಇದ್ದರೆ ಸಂಗ್ರಾಹಕರು ಲಕ್ಷಗಟ್ಟಲೆ ಕೊಡುತ್ತಾರಂತೆ. ನಾನು ಶಾಲೆಯ ಪ್ರಯೋಗಾಲಯದಿಂದ ಭೂತಗನ್ನಡಿ ತಂದು ಅಡಿಗೆಮನೆಯ ಕಿಟಕಿಯ ಬೆಳಕಿಗೆ ಕುಳಿತೆ.

"ಒಮ್ಮೆ ಬಂಗಾರ ಮಾಡಿದ್ರಿ. ಈಗ ಲಕ್ಷ ಮಾಡಾಕತ್ತೀರೇನು?" ಎಂದಳು ಕಸ್ತೂರಿ.

ಲಕ್ಷವೂ ಆಗಲಿಲ್ಲ. ಏಳು ವರ್ಷ ಹಿಂಗಿನ ಡಬ್ಬಿಯ ಮುಚ್ಚಳ ಎಬ್ಬಿಸಿ ಎಬ್ಬಿಸಿ, ಹದ್ದಿನ ಬಾಲ ಇರಬೇಕಾದ ಅಂಚು ಪೂರ್ತಿ ಸವೆದುಹೋಗಿತ್ತು. ಅಪರೂಪದ್ದೋ ಅಲ್ಲವೋ ಎಂಬುದನ್ನು ಇನ್ನು ಯಾವ ಸಂಗ್ರಾಹಕನೂ ಹೇಳಲಾರ. ನಾಣ್ಯ ಮೂಗಿಗೆ ಹತ್ತಿರ ಬಂದಾಗ ಬರಿ ಹಿಂಗಿನ ವಾಸನೆ ಬಂತು.

ಕಡೆಗೆ ಮನೆಯ ಬಂಗಾರವೆಲ್ಲ ಪತ್ತಾರನ ತಕ್ಕಡಿ ಏರಿತು. ಕಸ್ತೂರಿ ತನ್ನ ತವರಿನ ಪಾಟ್ಲಿ ಬಳೆ ಕೊಟ್ಟಳು. ಅವ್ವ ಯಾರನ್ನೂ ಕೇಳದೆ ಬೆಂಡೋಲಿ ಬಿಚ್ಚಿ ನನ್ನ ಕಿಸೆಗೆ ಹಾಕಿದಳು. ನಾನು ತಮಾಷೆಗೆಂದು ಡಾಲರನ್ನೂ ಆ ರಾಶಿಯಲ್ಲಿ ಬೆರೆಸಿದ್ದೆ. ಪತ್ತಾರ ಮಾತಾಡುತ್ತ ಮಾತಾಡುತ್ತಲೇ, ಅತ್ತ ನೋಡದೆ, ಒಂದು ಬೆರಳಿನಿಂದ ಅದನ್ನು ತಳ್ಳಿ ನನ್ನ ಕಡೆ ಸರಿಸಿದ. ನನಗೆ ನಗು ಬರಲಿಲ್ಲ. ಮನೆಗೆ ಬರುವಾಗ ಕಿಸೆಯಲ್ಲಿ ಉಳಿದದ್ದು ಅದೊಂದೇ ಆಗಿತ್ತು.

ಹೊಸ ಮನೆ ಹೊಕ್ಕ ದಿನ ಮುಂಜಾನೆ ಬೀಗರು ಬಿಜ್ಜರು ಎಲ್ಲ ಸೇರಿದ್ದರು. ಇಂಡಿಯಿಂದ ಮಾವ ಬಂದಿದ್ದರು, ಆ ಸೋದರತ್ತೆಯೂ ಬಂದಿದ್ದಳು. ಹೊಸ ಮನೆಯ ಹೊಸ್ತಿಲಲ್ಲಿ ಸೊಸೆಗೆ ಉಡಿ ತುಂಬಿ ಒಳಗೆ ಕರೆದುಕೊಳ್ಳುವುದು ಅತ್ತೆಯ ಕೆಲಸ. ಅವ್ವ ಕಿವಿಯಲ್ಲಿ ಕಸಬರಿಗೆಯ ಕಡ್ಡಿ ಚುಚ್ಚಿಕೊಂಡು ಅಕ್ಕಿಯ ಬುಟ್ಟಿ ಹಿಡಿದು ನಿಂತಿದ್ದಳು. ಅಕ್ಕಿ ಹಾಕಿದಳು, ಕಾಯಿ ಹಾಕಿದಳು, ಕಣ ಹಾಕಿದಳು. ಅಷ್ಟಕ್ಕೆ ಅವಳ ಕೈ ಬರಿದಾಯಿತು. ಬರಿದಾದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಸೆರಗಿಗೆ ಒರೆಸಿಕೊಂಡದ್ದನ್ನು ನಾನು ನೋಡಿದೆ. ನೋಡಬಾರದಿತ್ತು ಎನಿಸಿತು.

ಕಸ್ತೂರಿ ಸೆರಗನ್ನು ಒಂದೇ ಕೈಗೆ ತೆಗೆದುಕೊಂಡು, ಇನ್ನೊಂದು ಕೈಯಿಂದ ಸೊಂಟದಲ್ಲಿ ಸಿಗಿಸಿಕೊಂಡಿದ್ದ ನಾಣ್ಯ ತೆಗೆದು ಅವ್ವನ ಅಂಗೈಯಲ್ಲಿಟ್ಟಳು. ಹುಣಸೆಹಣ್ಣು ಹಚ್ಚಿ ತಿಕ್ಕಿ ಅದನ್ನು ಥಳಥಳ ಮಾಡಿದ್ದಳು.

"ಇದನ್ನ ಹಾಕ್ರಿ ಅತ್ತಿ, ಇನ್ನೊಮ್ಮೆ."

ಅವ್ವ ನಾಣ್ಯವನ್ನು ನೋಡಿದಳು, ಕಸ್ತೂರಿಯನ್ನು ನೋಡಿದಳು, ಸೋದರತ್ತೆಯ ಕಡೆಗೂ ಒಮ್ಮೆ ನೋಡಿದಳು. ಆಮೇಲೆ ಅದನ್ನು ಎಲ್ಲರಿಗೂ ಕಾಣುವಂತೆ ಮೇಲಕ್ಕೆತ್ತಿ ಹಿಡಿದಳು.

"ಎಲ್ಲಾರೂ ಕೇಳ್ರಿ. ನಮ್ಮದು ದೊಡ್ಡ ಮನಿತನ ಅಲ್ಲ. ಆದ್ರ ಹಾಕಿದ್ದು ಅಪ್ಪಟ ಹಿತ್ತಾಳಿ."

ಕಸ್ತೂರಿ ಮತ್ತೆ ಎರಡೂ ಕೈಯಲ್ಲಿ ಸೆರಗು ಒಡ್ಡಿದ್ದಳು. ತಲೆ ಮಾತ್ರ ತಗ್ಗಿಸಿರಲಿಲ್ಲ, ನನ್ನನ್ನು ನೋಡಿ ನಗುತ್ತಿದ್ದಳು. ನನಗೆ ಅಳು ಬಂತು, ಈ ವಿಷಯದಲ್ಲಿ ಇನ್ನೊಂದು ಸುಳ್ಳು ಹೇಳುವುದಿಲ್ಲ. ಮರುದಿನ ಮುಂಜಾನೆ ಹೊಸ ಅಡಿಗೆಮನೆಯಲ್ಲಿ ಮೊದಲ ಒಗ್ಗರಣೆಗೆ ಹಿಂಗಿನ ಡಬ್ಬಿ ತೆರೆದದ್ದು ಅದೇ ನಾಣ್ಯದಿಂದ.